ಕಪ್ಪು ಬೊಟ್ಟಿನ ಜೋಳ

ಉಪ್ಪಿನಬೆಟಗೇರಿಯ ಕಸ್ತೂರೆವ್ವನ ಮನೆಗೆ ವರ್ಷಕ್ಕೆ ಒಂದೇ ದಿನ ಜನ ಬರುತ್ತಿದ್ದರು. ಬಂದರೆಂದರೆ ನಾಲ್ಕು ಮಂದಿ ಐದು ಮಂದಿ ಅಲ್ಲ, ಊರಿಗೆ ಊರೇ ಬರುತ್ತಿತ್ತು. ಹಿಂಗಾರಿ ಬಿತ್ತನೆಯ ಹಿಂದಿನ ದಿನ ಬೆಳಗಾಗುವುದೇ ತಡ, ಅವಳ ಕಟ್ಟೆಯ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಪಡಸಾಲೆಯಲ್ಲಿ ಕೂಡಲು ಜಾಗ ಸಾಲದೆ ಗಂಡಸರು ಓಣಿಯಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಸೀದಾ ಅಡುಗೆಮನೆಗೆ ನುಗ್ಗಿ, ಯಾರೂ ಕರೆಯದಿದ್ದರೂ, ಗಡಿಗೆಗಳ ಮುಚ್ಚಳ ತೆಗೆದು ನೋಡುತ್ತಿದ್ದರು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಪಕ್ಕದ ಮನೆಯವಳೊಬ್ಬಳನ್ನು ಬಿಟ್ಟರೆ ಆ ಮನೆಗೆ ತಪ್ಪದೆ ಬರುತ್ತಿದ್ದದ್ದು ಒಂದು ಬೆಕ್ಕು. ಅದೂ ಹಾಲಿದ್ದರೆ ಮಾತ್ರ.

ಜನ ಬರುತ್ತಿದ್ದದ್ದು ಬಿತ್ತುವ ಜೋಳಕ್ಕೆ. ಸುಗ್ಗಿಯಲ್ಲಿ ಕುಡುಗೋಲು ಹಚ್ಚುವ ಮೊದಲು ಊರವರು ಕಸ್ತೂರೆವ್ವನನ್ನು ತಮ್ಮ ತಮ್ಮ ಹೊಲಕ್ಕೆ ಕರೆಯುತ್ತಿದ್ದರು. ಅವಳು ಸಾಲು ಸಾಲು ತಿರುಗಿ, ತೆನೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಬೀಜಕ್ಕೆ ಆಗುವಂಥದ್ದನ್ನು ಮುರಿದು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಆ ತೆನೆಗಳು ಅವಳ ಒಲೆಯ ಮೇಲಿನ ಜಂತಿಗೆ ಜೋತುಬಿದ್ದು ಏಳೆಂಟು ತಿಂಗಳು ಹೊಗೆ ಕುಡಿಯುತ್ತಿದ್ದವು. ಹುಳ ಹತ್ತುತ್ತಿರಲಿಲ್ಲ, ಬಿತ್ತಿದರೆ ಒಂದು ಕಾಳೂ ಹುಸಿ ಹೋಗುತ್ತಿರಲಿಲ್ಲ. ಅವಳ ಕೈಗುಣವೇ ಹಾಗೆ ಎಂದು ಸುತ್ತಲ ಹಳ್ಳಿಯವರೆಲ್ಲ ಆಡಿಕೊಳ್ಳುತ್ತಿದ್ದರು.

ಬೀಜ ಅಳೆದು ಕೊಡುವಾಗ ಅವಳದೊಂದು ಪದ್ಧತಿ ಇತ್ತು. ಸೇರಿನಿಂದ ಚೀಲಕ್ಕೆ ಸುರಿದಾದ ಮೇಲೆ, ನಡುವಿನಲ್ಲಿ ಸಿಕ್ಕಿಸಿಕೊಂಡಿದ್ದ ಚಿಕ್ಕ ಹಿತ್ತಾಳೆ ಡಬ್ಬಿ ತೆಗೆದು, ಒಂದು ಚಿಟಿಕೆ ಕರಿ ಪುಡಿಯನ್ನು ಬೀಜದ ಮೇಲೆ ಉದುರಿಸಿ, ಕೈಯಾಡಿಸಿ ಕಲಸುತ್ತಿದ್ದಳು. ಬೀಜಕ್ಕೆ ಯಾರ ಕಣ್ಣೂ ತಾಗದಿರಲಿ ಎಂದು. ಆ ಚಿಟಿಕೆ ಬೀಳದೆ ಚೀಲದ ಬಾಯಿ ಕಟ್ಟುವ ಗಂಡಸು ಊರಲ್ಲಿ ಇರಲಿಲ್ಲ.

ಆ ಡಬ್ಬಿ ಅವಳ ಮಗಳು ರೇಣವ್ವನ ಕಾಡಿಗೆ ಡಬ್ಬಿ. ದೊಡ್ಡ ಲಡಾಯಿ ಮುಗಿಯುವ ಹೊತ್ತಿಗೆ ಮಾನಮೋಡಿ ಬೇನೆ ಬಂತಲ್ಲ, ಮನೆಮನೆಗೂ ಜ್ವರ ಹೊಕ್ಕು ಒಂದೊಂದು ದಿನಕ್ಕೆ ಐದಾರು ಹೆಣ ಎದ್ದವಲ್ಲ, ಆ ವರ್ಷದ ಮಾತು. ರೇಣವ್ವನಿಗೆ ನಾಲ್ಕು ವರ್ಷ. ಮುಗದದಲ್ಲಿ ಒಂದು ಮದುವೆ. ಬಾಗಿಲಲ್ಲಿ ಚಕ್ಕಡಿ ಹೂಡಿ ನಿಂತಿತ್ತು, ಗಂಡ ಲಗೂ ಬಾ ಎಂದು ಕೂಗುತ್ತಿದ್ದ, ಆ ಗಡಿಬಿಡಿಯಲ್ಲಿ ಕಸ್ತೂರೆವ್ವ ಮಗಳ ಗಲ್ಲಕ್ಕೆ ಕಪ್ಪು ಬೊಟ್ಟು ಇಡುವುದನ್ನು ಮರೆತಳು. ಡಬ್ಬಿ ಅವಳ ಗಂಟಿನಲ್ಲೇ ಇತ್ತು. ಮದುವೆಮನೆಯಲ್ಲಿ ಕಂಡಕಂಡವರೆಲ್ಲ ಕೂಸನ್ನು ಎತ್ತಿಕೊಂಡರು, ಎಂಥಾ ಚೆಂದ, ಎಂಥಾ ಬಣ್ಣ ಎಂದರು. ಆರನೆಯ ದಿನಕ್ಕೆ ಕೂಸು ಹೋಯಿತು. ಅದರ ಮೂರು ದಿನಕ್ಕೆ ಗಂಡ. ಬೊಟ್ಟು ಇಟ್ಟ ಮಕ್ಕಳೂ ಆ ತಿಂಗಳು ಓಣಿಗೆ ಇಬ್ಬಿಬ್ಬರು ಹೋಗಿದ್ದವು. ಆ ಮಾತು ಕಸ್ತೂರೆವ್ವನಿಗೆ ಬೇಕಾಗಿರಲಿಲ್ಲ. ತಾನು ಬೊಟ್ಟು ಇಡಲಿಲ್ಲ, ಕೂಸು ಹೋಯಿತು, ಅಷ್ಟೇ.

ಆ ವರ್ಷ ಸುಗ್ಗಿಯಲ್ಲಿ ಊರಬಾಗಿಲಾದ ಅಗಸಿಯ ಮುಂದಿನ ತನ್ನ ಹೊಲಕ್ಕೆ ಹೋದಾಗ ಅವಳಿಗೆ ಒಂದು ಕರಿ ತೆನೆ ಕಂಡಿತು. ಕಾಳು ಇರಬೇಕಾದಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಚೀಲ, ಒತ್ತಿದರೆ ಒಳಗಿಂದ ಮಸಿಯಂಥ ಪುಡಿ. ಕಾಡಿಗೆ ರೋಗ ಎಂದು ಹಿರಿಯರು ಕರೆಯುತ್ತಿದ್ದ ಅದು ಆಗ ಊರಲ್ಲಿ ಎಲ್ಲೋ ಹೊಲಕ್ಕೊಂದು ಕಾಣುತ್ತಿತ್ತು, ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ಸುತ್ತಲಿನ ತೆನೆಗಳೆಲ್ಲ ಮುತ್ತಿನಂತೆ ತುಂಬಿ ನಿಂತಿದ್ದವು. ಹೊಲ ತನಗೆ ತಾನೇ ದೃಷ್ಟಿಬೊಟ್ಟು ಇಟ್ಟುಕೊಂಡಿದೆ, ಅದಕ್ಕಿದ್ದ ಬುದ್ಧಿ ನನಗಿರಲಿಲ್ಲ ಎಂದು ಅವಳು ಅಲ್ಲೇ ಕೂತು ಅತ್ತಳು. ಆಮೇಲೆ ಆ ಪುಡಿಯನ್ನು ಕೂಸಿನ ಡಬ್ಬಿಗೆ ಕೊಡವಿಕೊಂಡು ಮನೆಗೆ ಬಂದಳು. ಅಂದಿನಿಂದ ಊರಿನ ಬೀಜಕ್ಕೆಲ್ಲ ಆ ಚಿಟಿಕೆ ಬಿತ್ತು.

ಮುಂದೇನಾಯಿತು ಎಂದು ಬುದ್ಧಿವಂತರಿಗೆ ಈಗಲೇ ಹೊಳೆದಿರಬಹುದು. ಆದರೆ ಆಗ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಮೊದಲು ಹೊಲಕ್ಕೆ ನಾಲ್ಕು ಕರಿ ತೆನೆ, ಆಮೇಲೆ ಸಾಲಿಗೆ ನಾಲ್ಕು. ರಾಶಿ ಮಾಡುವ ಕಣದಲ್ಲಿ ಗಂಡಸರ ಮುಖವೆಲ್ಲ ಕರ್ರಗೆ ಆಗುತ್ತಿತ್ತು, ರೊಟ್ಟಿ ಬೂದಿ ಬಣ್ಣಕ್ಕೆ ತಿರುಗಿತ್ತು, ಚೀಲ ತುಂಬಬೇಕಾದಲ್ಲಿ ಅರ್ಧ ಚೀಲ ಬರುತ್ತಿತ್ತು. ಊರಿಗೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದರು ಜನ. ಬಂದು ಕಸ್ತೂರೆವ್ವನಿಗೆ ಹೇಳಿದರು, ಈ ವರ್ಷ ಒಂದು ಚಿಟಿಕೆ ಸಾಲದು, ಎರಡು ಹಾಕು ಎಂದು. ಅವಳು ಎರಡು ಹಾಕಿದಳು. ಕರಿ ಪುಡಿಗೆ ಈಗ ಬರವೇನೂ ಇರಲಿಲ್ಲ.

ಅವಳ ಗೋಡೆಗೆ ಗೋಡೆ ಹೊಂದಿಕೊಂಡ ಮನೆ ಅಲ್ಲಾಸಾಬನದು. ಅವನು ಚಕ್ಕಡಿಯಲ್ಲಿ ಕಾಳುಕಡಿ ಹೇರಿಕೊಂಡು ಹುಬ್ಬಳ್ಳಿ ಪೇಟೆಗೂ ಊರಿಗೂ ಓಡಾಡುವ ಸಣ್ಣ ವ್ಯಾಪಾರಿ. ಅವನ ಹೆಂಡತಿ ಮಾಶಾಬಿಗೂ ಮಕ್ಕಳಿರಲಿಲ್ಲ. ದಿನಾ ನಸುಕಿನಲ್ಲಿ ಮಾಶಾಬಿ ತನ್ನ ಜೋಳದ ಬುಟ್ಟಿ ಹಿಡಿದು ಬರುತ್ತಿದ್ದಳು, ಇಬ್ಬರೂ ಕಸ್ತೂರೆವ್ವನ ಬೀಸುಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟಕ್ಕೆ ನಾಲ್ಕು ಕೈ ಹಚ್ಚಿ ಬೀಸುತ್ತಿದ್ದರು. ಇದೇನು ಸಂಬಂಧ ಎಂದು ಯಾರಾದರೂ ಮೂಗು ಮುರಿದರೆ, ಹಿಟ್ಟು ಅವರವರದೇ, ತೋಳು ಮಾತ್ರ ಕೂಡಿ ಎಂದು ಮಾಶಾಬಿ ನಗುತ್ತಿದ್ದಳು. ಆ ಹೊತ್ತಿನಲ್ಲಿ ಕಸ್ತೂರೆವ್ವ ಮಗಳ ಹೆಸರು ಎತ್ತಬಹುದಾಗಿತ್ತು. ಬೇರೆ ಯಾರ ಮುಂದೆ ಎತ್ತಿದರೂ ಅವರು ಲೊಚಗುಟ್ಟಿ ಮಾತು ಬದಲಿಸುತ್ತಿದ್ದರು, ಮಾಶಾಬಿ ಮಾತ್ರ ಕೇಳುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ಮಳೆ ಕೈಕೊಟ್ಟು ಕಸ್ತೂರೆವ್ವನ ಬೀಜ ಅರ್ಧ ಊರಿಗೆ ಸಾಲಲಿಲ್ಲ. ಅಲ್ಲಾಸಾಬ ಹುಬ್ಬಳ್ಳಿಯಿಂದ ಎರಡು ಚಕ್ಕಡಿ ಬಿತ್ತುವ ಜೋಳ ತಂದು ಕೊಟ್ಟ. ಜನ ಅದನ್ನು ಕೊಂಡು, ಬೊಟ್ಟು ಹಾಕಿಸಲು ನೇರವಾಗಿ ಕಸ್ತೂರೆವ್ವನ ಹತ್ತಿರ ತಂದರು. ಪರಊರಿನ ಬೀಜ, ದಾರಿಯಲ್ಲಿ ಎಷ್ಟು ಕಣ್ಣು ತಾಗಿದೆಯೋ ಎಂದು ಅವಳು ಅದಕ್ಕೆ ಚಿಟಿಕೆಯಲ್ಲ, ಹಿಡಿ ಹಿಡಿಯಾಗಿಯೇ ಹಾಕಿದಳು. ಆ ಸುಗ್ಗಿಯಲ್ಲಿ ಅಲ್ಲಾಸಾಬನ ಬೀಜ ಬಿತ್ತಿದ ಹೊಲಗಳು ಮಸಿ ಬಳಿದಂತೆ ನಿಂತವು.

ಚಾವಡಿಯಲ್ಲಿ ಪಂಚರು ಕೂಡಿದರು. ಊರಿನ ಹಿರಿಯ ದುರಗಪ್ಪ, ರೋಗ ಹೊರಗಿನ ಬೀಜದೊಳಗೆ ಕೂತು ಬಂದಿದೆ, ಇನ್ನು ಮುಂದೆ ಹೊರಗಿನ ಒಂದು ಕಾಳೂ ಅಗಸಿ ದಾಟಕೂಡದು ಎಂದ. ಅದಕ್ಕೂ ಹಿಂದಿನ ಹತ್ತು ವರ್ಷದ ಕಾಡಿಗೆ ಯಾರಿಗೂ ನೆನಪಾಗಲಿಲ್ಲ. ಬೀಜ ಬಲ್ಲವಳು ಎಂದು ಕಸ್ತೂರೆವ್ವನನ್ನು ಕರೆಸಿ ಕೇಳಿದರು. ಅವಳಿಗೆ ಅಲ್ಲಾಸಾಬನ ಮೇಲೆ ಏನೂ ಸಿಟ್ಟಿರಲಿಲ್ಲ. ಆದರೆ ಇಡೀ ಊರು ತನ್ನ ಬಾಯಿ ನೋಡುತ್ತಿತ್ತು, ಇಂಥ ಹೊತ್ತು ಅವಳ ಬಾಳಿನಲ್ಲಿ ಎಷ್ಟು ಸಲ ಬಂದಿತ್ತು ಹೇಳಿ.

“ಹೊರಗಿಂದ ಬಂದದ್ದ ಇರಬೇಕ್ರಿ,” ಎಂದಳು.

ಹೆಂಗಸರ ಗುಂಪಿನಲ್ಲಿ ಮಾಶಾಬಿ ನಿಂತಿದ್ದಳು. ಮರುದಿನ ಅದೇ ಹುಬ್ಬಳ್ಳಿ ಜೋಳ ಹೇರಿಕೊಂಡು ಬಂದ ಅಲ್ಲಾಸಾಬನ ಚಕ್ಕಡಿಯನ್ನು ಅಗಸಿಯ ಮುಂದೆಯೇ ತಡೆದು ನಿಲ್ಲಿಸಿದರು. ಮೂರನೆಯ ದಿನ ಗಂಡಹೆಂಡಿರು ಮನೆಗೆ ಬೀಗ ಹಾಕಿ ಹುಬ್ಬಳ್ಳಿಗೆ ಹೋದರು. ಮಾಶಾಬಿ ಹೋಗಿ ಬರುತ್ತೇನೆ ಎಂದು ಹೇಳಲಿಲ್ಲ. ಹೊರಗಿನ ಬೀಜ ನಿಂತ ಮೇಲೆ ಊರಿಗೆ ಊರೇ ಮತ್ತೆ ಕಸ್ತೂರೆವ್ವನ ಬಾಗಿಲಿಗೇ ಬರತೊಡಗಿತು, ಬೀಜದ ದಿನದ ಗದ್ದಲ ದುಪ್ಪಟ್ಟಾಯಿತು. ಆದರೆ ನಸುಕಿನಲ್ಲಿ ಅವಳು ಒಬ್ಬಳೇ ಬೀಸುತ್ತಿದ್ದಳು. ಇಬ್ಬರ ಕಲ್ಲು ಒಬ್ಬಳಿಗೆ ಭಾರವಾಗುತ್ತಿತ್ತು, ನಡುನಡುವೆ ನಿಲ್ಲಿಸಿ ದಮ್ಮು ತೆಗೆದುಕೊಳ್ಳಬೇಕಾಗುತ್ತಿತ್ತು.

ಹೀಗೆ ಆರು ವರ್ಷ ಕಳೆದ ಮೇಲೆ, ಬಿತ್ತನೆಗೆ ನಾಲ್ಕು ದಿನ ಇದೆ ಎನ್ನುವಾಗ, ಧಾರವಾಡದಿಂದ ಶೇತಕಿ ಖಾತೆಯ ಕಾಮದಾರ ಗೌಸಮೊದ್ದೀನ ಬಂದ. ಸರಕಾರದವರು ಬೇಸಾಯದ ಹೊಸ ರೀತಿ ಹೇಳಿಕೊಡಲು ಹಳ್ಳಿ ಹಳ್ಳಿಗೆ ಕಳಿಸುತ್ತಿದ್ದ ಆಳು. ಬಡಕಲು ಮೈ, ಬಗಲಲ್ಲಿ ಕೊಡೆ, ಚೀಲದ ತುಂಬ ಗಂಧಕದ ಪೊಟ್ಟಣ. ಈ ಹಳದಿ ಪುಡಿಯನ್ನು ಬೀಜದ ಜೊತೆ ಗಡಿಗೆಗೆ ಹಾಕಿ ಚೆನ್ನಾಗಿ ಕುಲುಕಿ ಬಿತ್ತಿದರೆ ಕಾಡಿಗೆ ಬರುವುದಿಲ್ಲ ಎಂದು ಮನೆಮನೆಗೆ ಹೇಳಿದ. ಎಲ್ಲರೂ ನೋಡೋಣ ಎಂದರು. ನಮ್ಮ ಕಡೆ ನೋಡೋಣ ಎಂದರೆ ಏನರ್ಥ ಎಂದು ಅವನಿಗೆ ಗೊತ್ತಿತ್ತು. ಆದರೂ ಬೀಜ ಯಾರ ಮನೆಯದು ಎಂದು ವಿಚಾರಿಸಿಕೊಂಡು ಕಸ್ತೂರೆವ್ವನ ಕಟ್ಟೆಗೆ ಬಂದು ಕೂತ.

ಅವಳು ಮಜ್ಜಿಗೆ ಕೊಟ್ಟಳು. ಬೀಜದ ದಿನ ಅಲ್ಲದ ದಿನ ಒಬ್ಬ ಮನುಷ್ಯ ತನ್ನ ಕಟ್ಟೆಯ ಮೇಲೆ ಕೂತಿದ್ದಾನೆ ಎಂಬುದೇ ಅವಳಿಗೆ ಖುಷಿ. ಅವನು ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದಳು, ಗಡಿಗೆ ತಂದಳು, ಅವನು ಕುಲುಕಿ ತೋರಿಸಿದ. ಬೀಜ ಅರಿಸಿನ ಹಚ್ಚಿದ ಹಾಗಾಯಿತು. ಛಲೋ ಆತು ಎಂದು ಅವಳು ನಡುವಿನ ಡಬ್ಬಿ ತೆಗೆದು, ಎಂದಿನಂತೆ ಮೇಲೊಂದು ಚಿಟಿಕೆ ಕರಿ ಪುಡಿ ಉದುರಿಸಿದಳು.

ಗೌಸಮೊದ್ದೀನ ಅವಳ ಕೈಯನ್ನೇ ನೋಡಿದ. ಇದೇನು ಎಂದು ಕೇಳಿದ. ಅವಳು ಹೇಳಿದಳು, ಮುಗದದ ಮದುವೆಯಿಂದ ಹಿಡಿದು ಎಲ್ಲ ಹೇಳಿದಳು. ಎಷ್ಟು ವರ್ಷದಿಂದ ಎಂದು ಕೇಳಿದ. ಹದಿನೇಳು ಎಂದಳು. ಅವನು ಒಂದಿಷ್ಟು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದ.

“ಅವ್ವಾರ, ನಿಮಗ ಕಹಿ ಅನಸತೈತಿ, ಆದ್ರ ಹೇಳಬೇಕು,” ಎಂದ. “ಈ ಕರಿ ಪುಡಿನ ರೋಗ ನೋಡ್ರಿ. ಇದು ಕಾಳಿಗೆ ಹತಗೊಂಡು ಮಣ್ಣಿಗೆ ಹೋಗತೈತಿ, ಸಸಿ ಕೂಡ ಏಳತೈತಿ, ತೆನಿಯಾಗ ಹೊರಗ ಬೀಳತೈತಿ.”

ಕೂಸಿನ ಬೊಟ್ಟಿಗೆ ರೋಗ ಎನ್ನುತ್ತಾನಲ್ಲ, ಇವನ ನಾಲಿಗೆಗೆ ಹುಣ್ಣಾಗಲಿ ಎಂದುಕೊಂಡಳು ಕಸ್ತೂರೆವ್ವ. ಮಜ್ಜಿಗೆ ತಂಬಿಗೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೆ ಮರುದಿನ ಬೆಳಿಗ್ಗೆ ತಾನೇ ಚಾವಡಿಗೆ ಹೋಗಿ ಅವನನ್ನು ಕರೆದಳು. ತನ್ನ ಅಗಸಿಯ ಹೊಲದಲ್ಲಿ ಆರಾರು ಸಾಲಿನ ಎರಡು ಪಟ್ಟಿ ಬಿತ್ತೋಣ, ಒಂದಕ್ಕೆ ನಿನ್ನ ಹಳದಿ, ಒಂದಕ್ಕೆ ನನ್ನ ಕಪ್ಪು, ಸುಗ್ಗಿಯಲ್ಲಿ ನೋಡೋಣ ಎಂದಳು. ಅವಳ ನೋಡೋಣ ಊರವರ ನೋಡೋಣದಂಥದಲ್ಲ. ಅವನನ್ನು ಸುಳ್ಳಾಗಿಸಲೇಬೇಕು ಎಂಬ ಹಟ ಇತ್ತು ಅದರಲ್ಲಿ. ಬೀಜದ ದಿನ ಊರಿಗೆಲ್ಲ ಎಂದಿನಂತೆ ಬೊಟ್ಟು ಹಾಕಿಯೇ ಕೊಟ್ಟಳು.

ಹದಿನೈದು ದಿನಕ್ಕೊಮ್ಮೆ ಗೌಸಮೊದ್ದೀನ ಬರುತ್ತಿದ್ದ. ಇಬ್ಬರೂ ಬದುವಿನ ಮೇಲೆ ದೂರ ದೂರ ಕೂತು ಎರಡು ಪಟ್ಟಿಗಳನ್ನೂ ನೋಡುತ್ತಿದ್ದರು. ಅವಳು ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. ಅವನು ವಿಜಾಪುರದಲ್ಲಿದ್ದ ತನ್ನ ಹೆಂಡತಿ ಶಮೀಮಳ ಸುದ್ದಿ ಹೇಳುತ್ತಿದ್ದ, ಯಾವ ಊರಿಗೆ ಹೋದರೂ ಜನ ತನ್ನನ್ನು ಪೊಲೀಸಿನವನನ್ನು ನೋಡಿದ ಹಾಗೆ ನೋಡುತ್ತಾರೆ ಎಂದು ನಗುತ್ತಿದ್ದ. ಅವಳು ದಿನ ಎಣಿಸತೊಡಗಿದಳು. ಅವನು ಸೋಲಬೇಕು, ಆದರೆ ಬರುವುದು ಬಿಡಬಾರದು ಎಂದು ಅವಳ ಆಸೆ. ಎಂಥ ಆಸೆ ನೋಡಿ.

ಸಂಕ್ರಮಣ ಕಳೆದ ಮೇಲೆ ತೆನೆ ಬಲಿತವು. ಹಳದಿ ಪಟ್ಟಿಯ ಆರು ಸಾಲಿನಲ್ಲಿ ಒಂದೂ ಕರಿ ತೆನೆ ಇರಲಿಲ್ಲ. ಅವಳ ಪಟ್ಟಿಯಲ್ಲಿ ಮೂರಕ್ಕೊಂದು ಕರಿ. ಅವಳು ಹನ್ನೆರಡು ಸಾಲನ್ನೂ ಎರಡು ಸಲ ನಡೆದಳು, ತೆನೆ ತೆನೆ ಹಿಡಿದು ನೋಡಿದಳು, ಕೈಯೆಲ್ಲ ಕಪ್ಪಾಯಿತು. ಆಮೇಲೆ ಬದುವಿಗೆ ಹೋಗಿ ಕೂತಳು. ಊರನ್ನು ಕಾಯಲು ಹಾಕಿದ ಬೊಟ್ಟೇ ಊರನ್ನು ತಿಂದಿತ್ತು. ಮಸಿ ಬಳಿದಂತೆ ನಿಂತ ಆ ವರ್ಷದ ಹೊಲಗಳು ಅವಳ ಕಣ್ಣ ಮುಂದೆ ಬಂದವು, ಅಲ್ಲಾಸಾಬನ ಬೀಜಕ್ಕೆ ತಾನು ಹಿಡಿ ಹಿಡಿ ಹಾಕಿದ್ದು ನೆನಪಾಯಿತು.

“ನಿಮ್ಮ ಹೆಸರು ನಾ ಎಲ್ಲೂ ಬರಿಯಂಗಿಲ್ರಿ ಅವ್ವಾರ,” ಎಂದ ಗೌಸಮೊದ್ದೀನ. “ಮುಂದಿನ ವರ್ಷ ಕಪ್ಪು ಬಿಟ್ಟು ಹಳದಿ ಹಾಕ್ರಿ. ನೀವು ಹಾಕಿದ್ರ ಊರ ಹಾಕತೈತಿ. ರೋಗ ಹೋಗತೈತಿ. ಯಾರಿಗೂ ಏನೂ ಗೊತ್ತಾಗಂಗಿಲ್ಲ.”

ಅವನು ಒಳ್ಳೆಯ ಮನುಷ್ಯ, ಅವಳಿಗೆ ಒಳ್ಳೆಯದಾಗಲೆಂದೇ ಹೇಳಿದ. ಹಾಗೆ ಮಾಡಿದ್ದರೆ ಎಲ್ಲ ಸುಸೂತ್ರ. ಬೀಜದ ದಿನ ಉಳಿಯುತ್ತಿತ್ತು, ಚಪ್ಪಲಿಗಳ ರಾಶಿ ಉಳಿಯುತ್ತಿತ್ತು, ರೋಗ ಓಡಿಸಿದಳು ಎಂದು ಇನ್ನಷ್ಟು ಹೆಸರೂ ಬರುತ್ತಿತ್ತು. ಮಾರ್ಚ್ ತಿಂಗಳಿಗೆ ಅವನಿಗೆ ಬೇರೆ ತಾಲೂಕಿಗೆ ವರ್ಗವಾಯಿತು. ಹೇಳಿ ಹೋಗಲು ಬಂದಾಗ ಚಾವಡಿಯಲ್ಲಿ ಗಂಧಕದ ಪೊಟ್ಟಣಗಳ ಒಂದು ಮೂಟೆ ಇಟ್ಟು ಹೋದ. ಅಂದಿನಿಂದ ನಸುಕಿನಲ್ಲಿ ಬೀಸಲು ಕೂತಾಗಲೆಲ್ಲ ಕಸ್ತೂರೆವ್ವನಿಗೆ ಎದುರಿನ ಮಾಶಾಬಿಯ ಜಾಗವೇ ಕಾಣತೊಡಗಿತು.

ಯುಗಾದಿ ಮುಗಿಸಿಕೊಂಡು ಅವಳು ಹುಬ್ಬಳ್ಳಿಗೆ ಹೊರಟಳು. ಧಾರವಾಡದ ತನಕ ಯಾರದೋ ಚಕ್ಕಡಿ, ಅಲ್ಲಿಂದ ರೈಲು. ಹಳೇಹುಬ್ಬಳ್ಳಿಯ ಓಣಿಗಳಲ್ಲಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲಲ್ಲಿ ನಿಂತ ಮಾಶಾಬಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಅಲ್ಲಾಸಾಬ ತೀರಿಕೊಂಡು ಎರಡು ತಿಂಗಳಾಗಿತ್ತು. ಕಸ್ತೂರೆವ್ವ ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. ಮಾಶಾಬಿ ನೀರು ಕೊಟ್ಟಳು, ಕೂಡು ಎನ್ನಲಿಲ್ಲ.

ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಗೋಡೆಯ ಬುಡಕ್ಕೆ ಒಂದು ಚಾಪೆಯಷ್ಟು ಜಾಗದಲ್ಲಿ ಜೋಳದ ಕೂಳೆ ಒಣಗಿ ನಿಂತಿತ್ತು. ಪಟ್ಟಣದ ಮನೆಯಲ್ಲಿ ಜೋಳ ಏನು ಎಂದು ಕಸ್ತೂರೆವ್ವ ನೋಡುತ್ತಿರುವುದನ್ನು ಮಾಶಾಬಿ ಕಂಡಳು.

“ನೀವು ಬ್ಯಾಡ ಅಂದ ಜ್ವಾಳ ಅದು,” ಎಂದಳು. “ಇಲ್ಲಿಗೆ ಬಂದಾಗಿಂದ ವರ್ಷಾ ಒಂದು ಬೊಗಸಿ ಹಾಕತಿದ್ರು. ತೆನಿ ಬಲಿತು ಅಂದ್ರ ದಿನಾ ಮುಂಜಾನೆ ಒಂದೊಂದ ಕಾಳು ಒತ್ತಿ ನೋಡತಿದ್ರು, ಕರಿ ಬರತೈತೇನು ಅಂತ. ಆರು ವರ್ಷದಾಗ ಒಂದೂ ಬರಲಿಲ್ಲ.”

ಹಾಗಾದರೆ ತಪ್ಪು ತನ್ನದಲ್ಲ ಎಂದು ಅವನಿಗೆ ತಿಳಿದಿತ್ತಲ್ಲ ಎಂದು ಕಸ್ತೂರೆವ್ವ ಮೆಲ್ಲಗೆ ಕೇಳಿದಳು. ಅಷ್ಟಾದರೂ ಇರಲಿ ಎಂದು ಅವಳ ಜೀವ ಹಂಬಲಿಸಿತು.

“ಎಲ್ಲಿ. ಈ ವರ್ಷ ಬಂದಿಲ್ಲ, ಮುಂದಿನ ವರ್ಷ ಬರತೈತಿ ನೋಡು ಅಂತಿದ್ರು. ಊರಿಗೆ ಊರ ಹೇಳಿದ್ದು ಸುಳ್ಳ ಹೆಂಗ ಆದೀತು ಅಂತಿದ್ರು. ಹಂಗ ಅನಕೋತ ಹ್ವಾದ್ರು.”

ಕಸ್ತೂರೆವ್ವ ನೆಲಕ್ಕೆ ಕೂತಳು. ಹಿತ್ತಾಳೆ ಡಬ್ಬಿ ತೆಗೆದು ಮುಂದಿಟ್ಟು ಎಲ್ಲ ಹೇಳಿದಳು. ಎರಡು ಪಟ್ಟಿಯ ಮಾತು, ಹಿಡಿ ಹಿಡಿ ಹಾಕಿದ ಮಾತು, ಚಾವಡಿಯಲ್ಲಿ ಆಡಿದ ಮಾತು. ಹೇಳುತ್ತ ಹೇಳುತ್ತ ಅತ್ತಳು. ಮಾಶಾಬಿ ಅಳಲಿಲ್ಲ, ಬೈಯಲಿಲ್ಲ. ಆ ಡಬ್ಬಿ ಯಾರದೆಂದು ಅವಳಿಗೆ ಗೊತ್ತಿತ್ತು. ಅದನ್ನು ಮುಟ್ಟದೆ ನೋಡುತ್ತ ಕೂತಿದ್ದಳು.

“ಇದನ್ನ ಊರಾಗ ಹೇಳೀ ಏನು?” ಎಂದು ಕೇಳಿದಳು.

“ಇಲ್ಲ.”

“ನನಗ ಹೇಳಿ ಏನ ಮಾಡತಿ, ಕಸ್ತೂರಿ? ನನಗ ಮೊದಲಿಂದ ಗೊತ್ತಿತ್ತು, ಅವರಲ್ಲ ಅಂತ. ಗೊತ್ತಿಲ್ಲದವರಿಗೆ ಹೇಳು.”

ಒಳಗೆ ಹೋಗಿ ಒಂದು ಸಣ್ಣ ಗಂಟು ತಂದು ಕೊಟ್ಟಳು. ಗಂಡ ಹಾಕಿದ ಕಡೆಯ ಬೆಳೆಯ ಜೋಳ. ಅಗಸಿಯ ಮುಂದೆ ಚಕ್ಕಡಿ ತಡೆದು ನಿಲ್ಲಿಸಿದ್ದರಲ್ಲ, ಅಲ್ಲೇ ಇದನ್ನು ಬಿತ್ತು, ಊರ ಮಂದಿ ಹೋಗುತ್ತ ಬರುತ್ತ ನೋಡಲಿ ಎಂದಳು. ಕಸ್ತೂರೆವ್ವ ಗಂಟನ್ನು ಉಡಿಯಲ್ಲಿ ಹಾಕಿಕೊಂಡು ಸಂಜೆಯ ರೈಲಿಗೆ ಹೊರಟಾಗ ಮಾಶಾಬಿ ಬಾಗಿಲ ತನಕ ಬರಲಿಲ್ಲ.

ಮತ್ತೆ ಬಿತ್ತನೆ ಬಂತು. ಬೀಜದ ದಿನ ಚಪ್ಪಲಿಗಳ ರಾಶಿ ಬಿತ್ತು, ಓಣಿ ತುಂಬಿತು, ಹೆಂಗಸರು ಗಡಿಗೆಗಳ ಮುಚ್ಚಳ ತೆಗೆದರು. ಕಸ್ತೂರೆವ್ವ ಸೇರು ಹಿಡಿದು ಪಡಸಾಲೆಯ ನಡುವೆ ಕೂತಿದ್ದಳು. ಲಗೂ ಅಳಿ, ಹೊತ್ತಾತು ಎಂದು ಜನ ಅವಸರ ಮಾಡುತ್ತಿದ್ದರು. ಅವಳು ಅಳೆಯಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಈ ಗದ್ದಲ ಕೇಳೋಣ ಎಂದು ಕೂತೇ ಇದ್ದಳು. ಹುಡುಗಿಯೊಂದು ಅವಳ ತೊಡೆಗೆ ಒರಗಿ ನಿಂತಿತ್ತು, ಯಾರೋ ಹೊರಗೆ ಜೋರಾಗಿ ನಕ್ಕರು. ಕಡೆಗೆ ಅವಳು ಸೇರನ್ನು ಬೋರಲು ಇಟ್ಟಳು.

“ಬೀಜ ಕೊಡೂಕಿಂತ ಮೊದಲ ಒಂದು ಮಾತ ಐತಿ,” ಎಂದಳು. “ಊರಾಗ ಕಾಡಿಗಿ ಹಬ್ಬಿಸಿದಾಕಿ ನಾನು. ಅಲ್ಲಾಸಾಬ ಅಲ್ಲ.”

ಮೊದಲು ಯಾರಿಗೂ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು, ಎರಡು ಪಟ್ಟಿಯ ತೆನೆಗಳನ್ನೂ ತಂದು ಮುಂದೆ ಹರಡಿದಳು. ಕರಿ ತೆನೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ ಓಣಿಯ ತನಕ ಹೋಯಿತು. ಎಲ್ಲರಿಗಿಂತ ಮೊದಲು ಎಚ್ಚೆತ್ತವನು ದುರಗಪ್ಪ. ಹಿರಿಯ ಮನುಷ್ಯ, ಊರಿನ ಮಾನ ಹೇಗೆ ಉಳಿಸಬೇಕು ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತು.

“ತಿಳೀದ ಆಗೇತಿ ಬಿಡವಾ,” ಎಂದ. “ಈಗ ಪುಡಿ ಬಂದೈತಿ, ರೋಗ ಹೋಗತೈತಿ. ಸತ್ತವನ ಹೆಸರು ಈಗ್ಯಾಕ ಎತ್ತತಿ? ಊರು ತಪ್ಪು ಮಾಡಿತು ಅಂತ ಆಗತೈತಿ.”

“ಊರು ತಪ್ಪ ಮಾಡೇತ್ರಿ,” ಎಂದಳು ಕಸ್ತೂರೆವ್ವ. “ನಾ ಮೊದಲ ಮಾಡೇನಿ, ಊರು ಆಮ್ಯಾಲ ಮಾಡೇತಿ.”

ಯಾರೂ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಹನುಮವ್ವ ಎಂಬ ಹೆಂಗಸೊಬ್ಬಳು, ಹದಿನೆಂಟು ವರ್ಷ ನಮ್ಮ ಮಕ್ಕಳ ರೊಟ್ಟಿ ಕಪ್ಪಾಗಿದ್ದು ನಿನ್ನ ಕೈಯಿಂದಲೇ ಏನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದಳು. ತೊಡೆಗೆ ಒರಗಿದ್ದ ಹುಡುಗಿಯನ್ನು ಅದರ ತಾಯಿ ಎಳೆದುಕೊಂಡಳು. ಒಬ್ಬೊಬ್ಬರಾಗಿ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಕಟ್ಟೆಯ ಮುಂದೆ ಕಡೆಯ ಜೋಡು ಚಪ್ಪಲಿ ಎದ್ದಾಗ ಇನ್ನೂ ಎಳೆಬಿಸಿಲು ಇತ್ತು. ಅವಳು ಡಬ್ಬಿಯಲ್ಲಿದ್ದ ಪುಡಿಯನ್ನು ಒಲೆಗೆ ಸುರಿದು, ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು. ಆಮೇಲೆ ಒಬ್ಬಳೇ ಅಗಸಿಯ ಹೊಲಕ್ಕೆ ಹೋಗಿ ಅಲ್ಲಾಸಾಬನ ಜೋಳವನ್ನು ಬಿತ್ತಿದಳು. ಅದಕ್ಕೆ ಕಪ್ಪೂ ಹಾಕಲಿಲ್ಲ, ಹಳದಿಯೂ ಹಾಕಲಿಲ್ಲ.

ಜನ ಬೀಜವನ್ನು ತಮ್ಮ ತಮ್ಮ ನೆಲದೊಳಗಿನ ಹಗೇವಿನಿಂದ ತೆಗೆದರು, ಚಾವಡಿಯಿಂದ ಗಂಧಕದ ಪೊಟ್ಟಣ ಒಯ್ದು ಅವರವರ ಗಡಿಗೆಯಲ್ಲಿ ಅವರೇ ಕುಲುಕಿದರು. ಒಂದೇ ವರ್ಷಕ್ಕೆ ಊರಿನ ಹೊಲಗಳು ಬೆಳ್ಳಗಾದವು. ಸುಗ್ಗಿಯಲ್ಲಿ ಯಾರೂ ಕಸ್ತೂರೆವ್ವನನ್ನು ತೆನೆ ಆರಿಸಲು ಕರೆಯಲಿಲ್ಲ. ಅಗಸಿಯ ಹೊಲದಲ್ಲಿ ಅಲ್ಲಾಸಾಬನ ಜೋಳ ಎದೆಮಟ್ಟ ನಿಂತಿತ್ತು, ಒಂದು ಕರಿ ಕಾಳೂ ಇರಲಿಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ಅವಳು ಬದುವಿನಿಂದ ಹೇಳುತ್ತಿದ್ದಳು, ಇದು ಅಲ್ಲಾಸಾಬನ ಜ್ವಾಳ, ನೋಡ್ರಿ ಎಂದು. ಬರಬರುತ್ತ ಊರವರ ಬಾಯಲ್ಲೂ ಆ ಹೊಲಕ್ಕೆ ಅದೇ ಹೆಸರು ನಿಂತಿತು. ಕೆಲವರು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದರು. ಒಂದು ದಿನ ದುರಗಪ್ಪ ನಿಂತು, ಒಂದು ತೆನೆ ಹಿಡಿದು, ನಾಲ್ಕು ಕಾಳು ಒತ್ತಿ ನೋಡಿ ಹೋದ.

ಮುಂದಿನ ಬೀಜದ ದಿನ ಅವಳು ನಸುಕಿನಲ್ಲೇ ಎದ್ದು ಕಟ್ಟೆ ಸಾರಿಸಿದಳು, ಪಡಸಾಲೆಗೆ ಕಂಬಳಿ ಹಾಸಿದಳು, ಸೇರು ತೊಳೆದಿಟ್ಟಳು. ಬಾಗಿಲು ತೆರೆದುಕೊಂಡು ಕೂತಳು. ಓಣಿಯಲ್ಲಿ ಜನ ಕೂರಿಗೆ ಹೊತ್ತು ಹೋಗುತ್ತಿದ್ದರು. ಬಿಸಿಲು ಕಟ್ಟೆ ಹತ್ತುವ ತನಕ ಕಾದಳು. ಬೆಕ್ಕು ಬಂತು, ಹಾಲಿಲ್ಲವೆಂದು ಹೋಯಿತು. ಆಗ ಅವಳು ಎದ್ದು ಜಂತಿಯ ಮೇಲಿನ ಅಲ್ಲಾಸಾಬನ ತೆನೆಗಳನ್ನು ಇಳಿಸಿ, ಕೈಯಲ್ಲೇ ತಿಕ್ಕಿ ಕಾಳು ಬಿಡಿಸಿ, ಒಂದು ಸೇರು ತುಂಬಾ ಅಳೆದು ಅರಿವೆಯಲ್ಲಿ ಕಟ್ಟಿಕೊಂಡಳು. ಬೀಜಕ್ಕೆ ಯಾರೂ ಬಾರದಿದ್ದರೆ ಬೀಜ ಬೇಕಾದವರ ಹತ್ತಿರ ತಾನೇ ಹೋಗಬೇಕಲ್ಲ. ಬಾಗಿಲು ಎಳೆದುಕೊಂಡು ಧಾರವಾಡದ ದಾರಿ ಹಿಡಿದಳು.

ಹುಬ್ಬಳ್ಳಿಯಲ್ಲಿ ಮಾಶಾಬಿಯ ಬಾಗಿಲು ತೆರೆದಿತ್ತು. ಅವಳು ಬೀಸುಕಲ್ಲಿನ ಮುಂದೆ ಕೂತು ಒಬ್ಬಳೇ ಬೀಸುತ್ತಿದ್ದಳು. ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು, ಹಿತ್ತಲಲ್ಲಿ ಹಾಕಾಕ ಬೀಜ ತಂದೇನಿ ಎಂದಳು. ಮಾಶಾಬಿ ತಲೆ ಎತ್ತಲಿಲ್ಲ.

“ಊರಾಗ ಏನಂತಾರ ಆ ಹೊಲಕ್ಕ?” ಎಂದು ಕೇಳಿದಳು.

“ಅಲ್ಲಾಸಾಬನ ಜ್ವಾಳದ ಹೊಲ ಅಂತಾರ.”

ಕಲ್ಲು ಎರಡು ಸುತ್ತು ತಿರುಗಿ ನಿಂತಿತು. ಮಾಶಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದುರಿಗಿದ್ದ ಹಿಟ್ಟಿನ ಬುಟ್ಟಿಯನ್ನು ಬದಿಗೆ ಸರಿಸಿದಳು. ಕಸ್ತೂರೆವ್ವ ಗಂಟು ಇಳಿಸಿ ಆ ಜಾಗದಲ್ಲಿ ಕೂತು ಗೂಟಕ್ಕೆ ಕೈ ಹಚ್ಚಿದಳು. ಸಂಜೆಯ ರೈಲಿಗೆ ಇನ್ನೂ ಎರಡು ತಾಸು ಇತ್ತು.